ಕಸಿ ಕಟ್ಟುವ ಭೀಮಗೊಂಡರು ರೊಟ್ಟಿ ಬಡಿದದ್ದು

ಐನಾಪುರದ ಭೀಮಗೊಂಡರಿಗೆ ದ್ರಾಕ್ಷಿ ಕಸಿ ಕಟ್ಟುವುದೊಂದೇ ಕೆಲಸ. ಕಾಡುಬಳ್ಳಿಗೆ ಒಳ್ಳೆಯ ತಳಿಯ ಕಡ್ಡಿ ಕೂಡಿಸಿ ಅವರು ಪಟ್ಟಿ ಸುತ್ತಿದರೆ ಚಿಗುರಲೇಬೇಕು. ಶ್ರಾವಣ ಬಂತೆಂದರೆ ಅಥಣಿ, ತೆಲಸಂಗ, ಗಡಿಯಾಚೆಯ ಜತ್ತದ ತೋಟದವರೂ ಗಾಡಿ ಕಳಿಸುತ್ತಿದ್ದರು. ಮನೆಯಲ್ಲಿದ್ದಾಗಲೂ ಅವರ ಮಾತೆಲ್ಲ ಬಳ್ಳಿಯದೇ. ಎಮ್ಮೆ, ಅಡಿಗೆ, ಸಂತೆ, ಬ್ಯಾಂಕು ಎಲ್ಲವೂ ಹೆಂಡತಿ ಮಂಗಲ ಅವರ ಪಾಲಿಗೆ. ತಮಗೆ ಬೇರೇನೂ ಬರುವುದಿಲ್ಲ ಎಂಬುದನ್ನು ಭೀಮಗೊಂಡರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಹೋದ ಶ್ರಾವಣದಲ್ಲಿ ಮಂಗಲ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ದಿನಾ ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆಂದು ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ಭೀಮಗೊಂಡರು ಹೆಂಡತಿಯತ್ತ ತಿರುಗಿದರು. ಆಕೆಗೆ ಬಿಪಿ ಇದೆಯೆಂದು ಅವರಿಗೆ ತಿಳಿದದ್ದೇ ಆವತ್ತು. ನೋವು ನುಂಗುತ್ತ ಮಂಗಲ ತಾವೇ ಗುಳಿಗೆಯ ಹೆಸರು ಹೇಳಿದರು.

ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಮಂಗಲ ಉಣ್ಣುವವರಲ್ಲ. ಅಂದು ಸಂಜೆ ನೆರೆಮನೆಯ ಪದ್ಮವ್ವ ಊಟ ತರುತ್ತೇನೆಂದರೂ, ಕಡ್ಡಿ ಕೂಡಿಸುವ ಕೈಗೆ ಹಿಟ್ಟು ಯಾವ ಲೆಕ್ಕ ಎಂದುಕೊಂಡು ಭೀಮಗೊಂಡರು ಬೇಡವೆಂದರು. ಬಡಿದ ರೊಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ಹರಿಯುತ್ತಿತ್ತು. ಎಮ್ಮೆ ಒದ್ದು ಹಾಲಿನ ಚರಿಗೆ ಉರುಳಿಸಿತು. ಅಂತೂ ಒಂದು ರೊಟ್ಟಿ ಬೆಂದಾಗ ಹೊರಗೆ ಕತ್ತಲು. ಮಂಗಲ ತಾಟು ಮುಟ್ಟದೆ ಮಲಗಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಭೀಮಗೊಂಡರಿಗೆ ಹಗುರಾಗುತ್ತಿತ್ತು.

ಮರುದಿನ ಗಾಡಿ ತಂದ ತೆಲಸಂಗದವರಿಗೆ ಈ ಸಲ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಮಧ್ಯಾಹ್ನವೇ ಒಲೆಯ ಮುಂದೆ ಕೂತರು. ಹಿಟ್ಟಿಗೆ ಕುದಿಯುವ ನೀರು ಹಾಕಬೇಕು, ಅಂಗೈ ಬುಡದಿಂದ ನಾದಬೇಕು, ಎಮ್ಮೆಯ ಹತ್ತಿರ ಹೋದರೆ ಮೊದಲು ಮೈ ಸವರಬೇಕು ಎಂದು ಮಂಗಲ ಕೂತಲ್ಲಿಂದಲೇ ಹೇಳಿಕೊಟ್ಟರು. ಎಷ್ಟೋ ರೊಟ್ಟಿ ಎಮ್ಮೆಯ ಪಾಲಾದವು.

ಒಂದು ಸಂಜೆ, ಇನ್ನೂ ಬಿಸಿಲಿರುವಾಗಲೇ, ರೊಟ್ಟಿ ಉಬ್ಬಿತು. ಭೀಮಗೊಂಡರು ಮುರಿದು ಪಲ್ಯ ಹಚ್ಚಿ ಕೊಟ್ಟರು.

"ನೀ ಎಲ್ಲಾ ಸಂಭಾಳಿಸಿದಿ, ಅದಕ್ಕ ನನಗ ಅದೊಂದ ಕೆಲಸ ಅಷ್ಟ ಚಲೋ ಬಂತು," ಎಂದರು. "ನಾನ ಶಾಣ್ಯಾ ಅನ್ಕೊಂಡಿದ್ದೆ."

ಮಂಗಲ ಅಗಿಯುತ್ತ ಅವರ ಮುಖ ನೋಡಿದರು. "ಇನ್ನೊಂದ್ ಹಾಕ್ರಿ. ಹಸಿವಿ ಐತಿ."

ಕೈ ಕೂಡಿದ ಮೇಲೂ ಸಂಜೆಯ ಹಾಲು, ಒಲೆ ಭೀಮಗೊಂಡರದ್ದೇ. ಕಸಿಗೆ ಹೋಗುತ್ತಾರೆ, ಹಗಲಿರುವಾಗಲೇ ತಿರುಗಿ ಬರುವಷ್ಟು ದೂರ ಮಾತ್ರ. ಈ ಚಳಿಗಾಲದಲ್ಲಿ ಮಂಗಲ ಪದ್ಮವ್ವನ ಜೊತೆ ಕುಂಭೋಜದ ಬಾಹುಬಲಿಗೆ ಯಾತ್ರೆ ಹೋಗಿ ನಾಲ್ಕು ದಿನ ಇದ್ದು ಬಂದರು. ಮನೆಯ ಚಿಂತೆ ಬಿಟ್ಟು ಅವರು ಹೊರಗೆ ಉಳಿದದ್ದು ಅದೇ ಮೊದಲು.