ಅಕ್ಕಿ ಅಂಗಡಿಯಲ್ಲಿ ಮುದ್ದೆ

ತಿ. ನರಸೀಪುರದ ಪೇಟೆಯಲ್ಲಿ ನಮ್ಮಪ್ಪನದು ಅಕ್ಕಿ ಅಂಗಡಿ. ಮಧ್ಯಾಹ್ನ ಉಳಿದ ವ್ಯಾಪಾರಿಗಳು ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಊಟಕ್ಕೆ ಕೂತರೆ, ಅಪ್ಪ ಮಾತ್ರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ, ಎಲ್ಲರಿಗೂ ಕಾಣುವಂತೆ ಕೂತು ಉಣ್ಣುತ್ತಿದ್ದರು. ಅದೂ ವ್ಯಾಪಾರದ ಒಂದು ಭಾಗವೇ ಆಗಿತ್ತು. ಯಾವ ಮೂಟೆ ಅಂದು ಖರ್ಚಾಗಬೇಕೋ ಆ ಮೂಟೆಯ ಅಕ್ಕಿಯನ್ನೇ ಹಿಂದಿನ ಸಂಜೆ ಮನೆಗೆ ತಂದುಕೊಡುತ್ತಿದ್ದರು. ಅವ್ವ ಅದನ್ನು ಅಂಟದ ಹಾಗೆ, ಉದುರುದುರಾಗಿ ಬೇಯಿಸಬೇಕು. ನಾನು ಕಾಲೇಜಿನಿಂದ ಬಂದವಳು ಕ್ಯಾರಿಯರ್ ಹಿಡಿದುಕೊಂಡು ಅಂಗಡಿಗೆ ಹೋಗಬೇಕು. ಅಪ್ಪ ತಟ್ಟೆಯ ತುಂಬ ಅನ್ನ ಗುಡ್ಡೆ ಹಾಕಿಕೊಂಡು, ಸಾರು ಸುರಿಯುವ ಮೊದಲು ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಿದ್ದರು.

"ನೋಡ್ಕಳಿ, ನಾನು ಉಣ್ತಿರೋದೂ ಇದೇ ಮೂಟೇದೇಯ. ಮಲ್ಲಿಗೆ ಮೊಗ್ಗಿದ್ದಂಗೆ ಅದೆ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ನನ್ನ ಜೊತೆ ಓದುವವರು ಅದೇ ರಸ್ತೆಯಲ್ಲಿ ಹೋಗುತ್ತಿದ್ದರು. ಅಪ್ಪನ ಈ ಪ್ರದರ್ಶನ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಂಗಡಿಯಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಮಾತ್ರೆ ನುಂಗಿದ ಮೇಲೆ ಕಾಯಿಲೆಯ ಕೆಲಸ ಮುಗಿಯಿತು, ಇನ್ನು ಊಟ ತನ್ನಿಷ್ಟ ಎನ್ನುವುದು ಅವರ ಲೆಕ್ಕಾಚಾರ. ಅಂಗೈಯಲ್ಲಿ ಹಿಡಿ ಅಕ್ಕಿ ಹರಡಿ, ಒಮ್ಮೆ ಉಫ್ ಎಂದು ಊದಿ, ನುಚ್ಚೆಷ್ಟು ಕಲ್ಲೆಷ್ಟು ಎಂದು ಹೇಳಿಬಿಡುತ್ತಿದ್ದ ಮನುಷ್ಯ, ನಿಧಾನವಾಗಿ ಅಂಗೈಯನ್ನು ಕಣ್ಣಿನ ಹತ್ತಿರ ತರತೊಡಗಿದರು. ಆಮೇಲೆ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿಯತೊಡಗಿದರು. ಒಂದು ದಿನ ಹಳೆಯ ಗಿರಾಕಿಯೊಬ್ಬರು ಮೂಟೆ ವಾಪಸ್ಸು ತಂದು, ಅರ್ಧಕ್ಕರ್ಧ ನುಚ್ಚಿದೆ ಎಂದು ಬೇಸರದಿಂದ ಇಳಿಸಿಹೋದರು. ಆ ಸಂಜೆ ಅಪ್ಪ ತಾವಾಗಿಯೇ, ಮೈಸೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬರೋಣ ಎಂದರು.

ನಾನೂ ಜೊತೆಗೆ ಹೋದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮುಗಿಸಿ ನೇರವಾಗಿ ಹೇಳಿದರು. "ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿದ್ರೆ ಚೆನ್ನಾಗಿ ಕಾಣುತ್ತೆ. ಆದ್ರೆ ಶುಗರ್ ಇಷ್ಟಿರುವಾಗ ನಾನು ಕೈ ಹಾಕಲ್ಲ. ಕೀವಾದ್ರೆ ಕಣ್ಣೇ ಹೋಗುತ್ತೆ. ಬೆಳಿಗ್ಗೆ ಏನು ತಿಂತೀರಿ?"

"ಚಿತ್ರಾನ್ನ. ಇಲ್ಲಾಂದ್ರೆ ಅಕ್ಕಿ ರೊಟ್ಟಿ."

"ಮಧ್ಯಾಹ್ನ?"

"ಅನ್ನ."

"ರಾತ್ರಿ?"

"ಅದೇಯ" ಎಂದರು ಅಪ್ಪ.

ಡಾಕ್ಟರು ನಕ್ಕುಬಿಟ್ಟರು. ಅನ್ನ ಕಡಿಮೆ ಮಾಡಿ, ಕಾಳು ಸೊಪ್ಪು ಜಾಸ್ತಿ ಮಾಡಿ, ಮುದ್ದೆ ತಿಂದರೂ ಹೊತ್ತಿಗೆ ಸಣ್ಣದೊಂದೇ, ದಿನಾ ನಡೆಯಿರಿ, ಮಾತ್ರೆಯನ್ನೂ ಬದಲಾಯಿಸಿದ್ದೇನೆ, ಶುಗರ್ ಇಳಿದರೆ ಆಪರೇಷನ್ನಿಗೆ ದಿನ ಗೊತ್ತು ಮಾಡೋಣ ಎಂದು ಹೇಳಿ ಕಳಿಸಿದರು. ಬಸ್ಸು ಊರಿನ ಹತ್ತಿರ ಬಂದಾಗ ಅಪ್ಪ, "ಅಕ್ಕಿ ಮಾರೋನೇ ಅಕ್ಕಿ ಮುಟ್ಟಲ್ಲ ಅಂತ ಪೇಟೇಲಿ ಗೊತ್ತಾದ್ರೆ ನಾಳೆಯಿಂದ ಅಂಗಡಿ ಬಾಗಿಲು ತೆಗೆಯೋದೇ ಬೇಡ" ಎಂದರು.

ಅವ್ವ ವಾದ ಮಾಡುವವಳಲ್ಲ. ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ತವರಿಗೆ ಹೊರಟಳು. ಅವಳ ತವರು ನಂಜನಗೂಡಿನಿಂದ ಆಚೆ, ಕಾಲುವೆ ನೀರು ಹತ್ತದ, ಮಳೆ ನೆಚ್ಚಿದ ಹೊಲಗಳ ಊರು. ಸಂಜೆ ಎರಡು ಚೀಲ ಹೊತ್ತುಕೊಂಡು ಬಂದಳು. ಒಂದರಲ್ಲಿ ರಾಗಿ, ಇನ್ನೊಂದರಲ್ಲಿ ಬಟ್ಟೆಯ ಗಂಟುಗಳಲ್ಲಿ ಹುರುಳಿ, ನವಣೆ, ತಡಗುಣಿ ಕಾಳು, ಹುಚ್ಚೆಳ್ಳು. ಈ ಯಾವುದೂ ನನಗೆ ಹೊಸದಲ್ಲ, ಆದರೆ ಯಾವುದೂ ನಮ್ಮ ಅಡುಗೆಮನೆಗೆ ಸೇರಿದ್ದಲ್ಲ. ಹುರುಳಿ ಎತ್ತುಗಳಿಗೆ, ನವಣೆ ಪಂಜರದ ಗಿಳಿಗೆ ಎಂದೇ ತಿಳಿದು ಬೆಳೆದವಳು ನಾನು. ಹಿತ್ತಲಿನ ನುಗ್ಗೆಮರದಲ್ಲಿ ಕಾಯಿ ಮಾತ್ರ ನಮ್ಮದು, ಸೊಪ್ಪೆಲ್ಲ ಪಕ್ಕದ ಮನೆಯ ಮೇಕೆಗೆ. ಅವ್ವ ಅಂದೇ ಆ ಮೇಕೆಯ ಪಾಲಿಗೆ ಕತ್ತರಿ ಹಾಕಿದಳು.

ಮೊದಲ ದಿನಗಳಲ್ಲಿ ಅವಳು ಏನನ್ನೂ ತೆಗೆಯಲಿಲ್ಲ, ಬರೀ ಸೇರಿಸುತ್ತ ಹೋದಳು. ಬೆಳಿಗ್ಗೆ ರೊಟ್ಟಿಯ ಜೊತೆ ಹುಚ್ಚೆಳ್ಳಿನ ಚಟ್ನಿ. ರಾತ್ರಿ ಸಾರಿನಲ್ಲಿ ಮೊಳಕೆ ಬರಿಸಿದ ಹುರುಳಿ. ನುಗ್ಗೆಸೊಪ್ಪು, ತಡಗುಣಿ ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಹಾಕಿ, ಮೇಲೆ ನಂಚಿಕೊಳ್ಳಲು ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ ಇಟ್ಟು, ಅವಳ ತವರಿನ ಉಪ್ಪುಸಾರು. ತಟ್ಟೆಯಲ್ಲಿ ಇವು ಹೆಚ್ಚಾದಂತೆ ಅನ್ನದ ಜಾಗ ತಾನಾಗಿ ಕಡಿಮೆಯಾಯಿತು. ಅಪ್ಪ ಗೊಣಗುತ್ತಲೇ ಎರಡೆರಡು ಸಲ ಹಾಕಿಸಿಕೊಂಡರು. ಇದರಿಂದ ಧೈರ್ಯ ಬಂದು ಅವ್ವ ಒಂದು ರಾತ್ರಿ ಅನ್ನದ ಬದಲು ನವಣೆ ಬೇಯಿಸಿ, ಮೊಸರು ಕಲಸಿ, ಏನೂ ಹೇಳದೆ ಮುಂದಿಟ್ಟಳು.

ಕಣ್ಣು ಮಬ್ಬಾಗಿದ್ದರೂ ನಾಲಿಗೆ ಅಕ್ಕಿ ವ್ಯಾಪಾರಿಯದೇ. ಮೊದಲ ತುತ್ತಿಗೇ ಅಪ್ಪ ಕೈ ನಿಲ್ಲಿಸಿದರು. "ಕಣ್ಣು ಕಾಣಕಿಲ್ಲ ಅಂತ ನಂಗೇ ಟೋಪಿ ಹಾಕ್ತೀಯಾ? ಕುರುಡ ಅಂದ್ಕಂಡಾ ನನ್ನ?"

"ಕುರುಡ ಆಗ್ಬಾರ್ದು ಅಂತ್ಲೇ ಹಾಕ್ದೆ" ಎಂದಳು ಅವ್ವ.

ಮನೆಯಲ್ಲಿ ಅವಳು ಹಾಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಎದ್ದುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮನೆಯಲ್ಲಿ ಏನು ಹಾಕಿದರೂ ಉಣ್ಣುತ್ತೇನೆ, ಅಂಗಡಿಯ ಊಟಕ್ಕೆ ಮಾತ್ರ ಕೈ ಹಾಕಬೇಡಿ ಎಂದು ರಾಜಿಗೆ ಬಂದರು. ಹಾಗೆ ಬೆಳಿಗ್ಗೆ ರಾತ್ರಿ ಅವ್ವನ ಅಡುಗೆ, ಮಧ್ಯಾಹ್ನ ಎಂದಿನ ಅನ್ನದ ಗುಡ್ಡೆ. ಬೆಳಗಿನ ಜಾವ ಹೊಳೆಗಳು ಕೂಡುವ ಸಂಗಮದ ಕಡೆಗೆ ನಡೆದು ಬರುವುದೂ ರೂಢಿಯಾಯಿತು.

ಮತ್ತೆ ರಕ್ತಪರೀಕ್ಷೆ ಮಾಡಿಸಿದಾಗ ಶುಗರ್ ಇಳಿದಿತ್ತು, ಆದರೆ ಡಾಕ್ಟರು ಒಪ್ಪುವಷ್ಟಲ್ಲ. ಮಧ್ಯಾಹ್ನದ ಊಟ ಏನು ಎಂದು ಅವರು ಕೇಳಿದಾಗ ಅಪ್ಪ ಗೋಡೆ ನೋಡಿದರು. ನನಗೆ ತಡೆಯಲಾಗಲಿಲ್ಲ. "ಅನ್ನ ಸಾರ್, ಈ ಎತ್ತರಕ್ಕೆ. ಗಿರಾಕಿಗಳಿಗೆ ತೋರಿಸೋಕೆ" ಎಂದುಬಿಟ್ಟೆ. ಅಪ್ಪನ ಸಿಟ್ಟು ನನಗೂ ಬಂದಿದೆ, ಏನು ಮಾಡುವುದು. ಡಾಕ್ಟರು ಈ ಸಲ ನಗಲಿಲ್ಲ. ಎಡಗಣ್ಣಿನ ಪೊರೆ ಇನ್ನೂ ಬಲಿಯುತ್ತಾ ಹೋದರೆ ಆಪರೇಷನ್ ಕಷ್ಟವಾಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದರು.

ಮಾರನೆಯ ದಿನ ಅವ್ವ ಕ್ಯಾರಿಯರ್ ಕಟ್ಟಿಕೊಟ್ಟಳು. ಎತ್ತಿದಾಗಲೇ ತೂಕದಲ್ಲಿ ವ್ಯತ್ಯಾಸ ಗೊತ್ತಾಯಿತು. ಕೇಳಿದರೆ, "ಅನ್ನ ಇಕ್ಕಿಲ್ಲ. ಬೈದ್ರೆ ನಂಗೆ ಬೈಲಿ, ನೀನು ಕೊಟ್ಬುಟ್ಟು ಬಾ" ಎಂದಳು.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅಪ್ಪ ಎಂದಿನಂತೆ ಕೂತು ಕ್ಯಾರಿಯರ್ ಬಿಚ್ಚಿದರು. ಮೇಲಿನ ಡಬ್ಬಿಯಲ್ಲಿ ಸೊಪ್ಪಿನ ಪಲ್ಯ, ಅದರ ಕೆಳಗೆ ಹುರುಳಿ ಸಾರು, ಕೊನೆಯದರಲ್ಲಿ ಒಂದು ಸಣ್ಣ ಮುದ್ದೆ. ಸಾರಿನ ಘಮ ಅಂಗಡಿಯ ತುಂಬ ಹಬ್ಬಿತು. ಅಪ್ಪನ ಮುಖ ಕೆಂಪಾಯಿತು. ಒಂದೊಂದೇ ಡಬ್ಬಿ ಮತ್ತೆ ಜೋಡಿಸಿ ಮುಚ್ಚಳ ಹಾಕಿದರು. ನಾಮಕರಣಕ್ಕೆ ಅಕ್ಕಿ ಒಯ್ಯಲು ಬಂದಿದ್ದ ವಯಸ್ಸಾದ ರೈತರೊಬ್ಬರು ಬಗ್ಗಿ ನೋಡಿದರು.

"ಉಳ್ಳಿ ಸಾರಾ ಸಾವ್ಕಾರ್ರೇ? ವಾಸ್ನೆ ತೋರ್ಸಿ ಮುಚ್ಬುಟ್ರೆ ಎಂಗೆ?"

ಅಪ್ಪ ತಲೆ ಎತ್ತಲಿಲ್ಲ. "ನಾನೇ ಮುದ್ದೆ ಉಂಡ್ರೆ ನನ್ನ ಅಕ್ಕೀನ ನೀವು ಕೊಳ್ತೀರಾ ಯಜಮಾನ್ರೇ?"

"ಅದ್ಯಾಕೆ ಕೊಳ್ಳಕಿಲ್ಲ? ನಾವೂ ಮನೇಲಿ ಉಣ್ಣೋದು ಅದ್ನೇಯ. ಅಕ್ಕಿ ನೆಂಟ್ರಿಗೆ. ನೀವು ಏನುಣ್ತೀರಿ ಅಂತ ಯಾರು ನೋಡ್ತಾರೆ? ತೂಕ ಸರ್ಯಾಗಿ ಆಕ್ತೀರಲ್ಲ, ಅದ್ಕೆ ಬತ್ತೀವಿ."

ಪಕ್ಕದಲ್ಲಿದ್ದವರು ನಕ್ಕರು. ನನಗೂ ನಗು ಬಂತು, ಅಪ್ಪನ ಬಗ್ಗೆ ಪಾಪವೂ ಅನಿಸಿತು. ಅಷ್ಟು ವರ್ಷ ಶ್ರದ್ಧೆಯಿಂದ ಕೂತು ತೋರಿಸಿದ್ದನ್ನು ಯಾರೂ ನೋಡಿರಲೇ ಇಲ್ಲ. ಅಪ್ಪ ಮುಚ್ಚಳ ತೆಗೆದರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಯಾರ ಮುಖವನ್ನೂ ನೋಡದೆ ಉಂಡು ಮುಗಿಸಿದರು.

ಆಮೇಲೆ ಕೆಲವು ತಿಂಗಳಿಗೆ ಶುಗರ್ ಹತೋಟಿಗೆ ಬಂತು. ಮೊದಲು ಎಡಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಅಪ್ಪ ಎದುರಿನ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ತಾರೀಖುಗಳನ್ನು ಜೋರಾಗಿ ಓದಿದರು. ನರ್ಸು ಮೆಲ್ಲಗೆ ಓದಿ ಎಂದು ಗದರಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಲವು ದಿನ ಅಂಗಡಿಗೆ ಹೋಗದೆ ಮನೆಯಲ್ಲೇ ಇರಬೇಕಿತ್ತು. ನಮ್ಮ ಮನೆಯಲ್ಲಿ ಅವ್ವ ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಒಂದು ಮಧ್ಯಾಹ್ನ ಅಪ್ಪ ಉಂಡು ಮಲಗಿದವರು, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಳ್ಳಲೆಂದು ಅವಳನ್ನು ಹುಡುಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ನಾನು ಒಳಗೆ ಪಾತ್ರೆ ಎತ್ತಿಡುತ್ತಿದ್ದೆ. ಅವ್ವ ನೆಲದ ಮೇಲೆ ಕೂತು, ಮುದ್ದೆಯನ್ನು ಉಪ್ಪುಸಾರಿನಲ್ಲಿ ಅದ್ದಿ, ಖಾರ ಸವರಿಕೊಂಡು, ಲೋಕವನ್ನೇ ಮರೆತು ಉಣ್ಣುತ್ತಿದ್ದಳು. ಬೆರಳು ನೆಕ್ಕಿ ಇನ್ನಷ್ಟು ಸಾರು ಸುರಿದುಕೊಂಡಳು. ಅಪ್ಪ ಬಾಗಿಲಿಗೊರಗಿ ನೋಡುತ್ತಲೇ ನಿಂತರು.

"ಇದು ನಿಂಗೆ ಇಷ್ಟೊಂದು ಇಷ್ಟಾನಾ?"

ಅವ್ವ ಬೆಚ್ಚಿ ಏಳಲು ಹೋದಳು. "ಕೂತ್ಕೊ, ಉಣ್ಣು" ಎಂದರು ಅಪ್ಪ. "ಇಷ್ಟು ವರ್ಷ ಯಾಕೆ ಮಾಡ್ಕೊಳ್ಲಿಲ್ಲ?"

"ಬಂದ ಹೊಸ್ದರಲ್ಲಿ ಒಂದ್ಸಲ ಕೇಳಿದ್ದೆ" ಎಂದಳು ಅವ್ವ, ತಟ್ಟೆ ನೋಡುತ್ತ. "ಅಕ್ಕಿ ಅಂಗಡಿಯೋರ ಮನೇಲಿ ಮುದ್ದೆ ತಿರುವಿದ್ರೆ ನೆಂಟ್ರು ನಗ್ತಾರೆ ಅಂದ್ರು ನಿಮ್ಮವ್ವ. ಆಮೇಲೆ ಕೇಳ್ಲಿಲ್ಲ."

ದೂರುವ ದನಿಯೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಅವಳ ಕೈಯಡುಗೆ ಉಂಡವಳು ನಾನು, ಅವಳಿಗೆ ಏನಿಷ್ಟ ಎಂದು ನನಗೂ ಗೊತ್ತಿರಲಿಲ್ಲ.

ಅಪ್ಪ ಒಳಗೆ ಬಂದರು. "ಇನ್ನೊಂದು ಮುದ್ದೆ ಅದಾ?"

"ಅದೆ. ನಿಮ್ಗೆ ಒಂದೇ ಅಂದವ್ರಲ್ಲ ಡಾಕ್ಟ್ರು?"

"ನಂಗಲ್ಲ, ನಿಂಗೆ."

ಅಡುಗೆಮನೆಯಲ್ಲಿ ಯಾವುದು ಎಲ್ಲಿದೆ ಎಂದು ಅಪ್ಪನಿಗೆ ತಿಳಿಯದು. ಮೂರು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮುದ್ದೆ ಹುಡುಕಿ, ಬಗ್ಗಿ ಅವ್ವನ ತಟ್ಟೆಗೆ ಇಟ್ಟರು. ಅವ್ವ ಬೇಡ ಎನ್ನಲಿಲ್ಲ.