ಸ್ವಿಚ್ ಆರಿಸಿದ ಸರೋಜಾ ಮೇಡಂ

ಸರೋಜಾ ಮೇಡಂ ನಡೆಯುವಾಗ ನೆಲ ನೋಡುತ್ತಿರಲಿಲ್ಲ. ಗೊಟ್ಟಿಗೆರೆಯ ನಮ್ಮ ಔಷಧಿ ಗೋದಾಮಿನೊಳಗೆ ಕಾಲಿಟ್ಟರೆ ಸಾಕು, ಕತ್ತೆತ್ತಿ ಛಾವಣಿ, ತೂಗುವ ವೈರು, ಫ್ಯಾನಿನ ಬೋಲ್ಟು ನೋಡಿಕೊಂಡೇ ಓಡಾಡುತ್ತಿದ್ದರು. ರಟ್ಟಿನ ಪೆಟ್ಟಿಗೆಗೆ ಎಡವಿ, ಅದಕ್ಕೇ "ಸಾರಿ" ಹೇಳಿ ಮುಂದೆ ಹೋಗುತ್ತಿದ್ದರು. ಲೋಡಿಂಗ್‌ನವರು ನಕ್ಕರೆ, "ನಗ್ರಪ್ಪಾ ನಗಿ. ಕಾಲಿಗೆ ತಾಗಿದ್ರೆ ಬ್ಯಾಂಡೇಜ್ ಇದೆ. ತಲೆ ಮೇಲೆ ಬಿದ್ರೆ ಏನ್ಮಾಡ್ತೀರಾ?" ಅನ್ನುತ್ತಿದ್ದರು.

ಅವರು ನಮ್ಮ ಸೇಫ್ಟಿ ಆಫೀಸರ್. ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ; ಜಯನಗರದಲ್ಲಿ ಅಣ್ಣನ ಮನೆಯಲ್ಲಿದ್ದರು. ಯಾರಾದರೂ "ಅದೆಲ್ಲ ಆಗಲ್ಲ ಬಿಡಿ ಮೇಡಂ" ಅಂದರೆ ಕನ್ನಡಕ ಮೇಲೇರಿಸಿ, "ಯಾಕಾಗಲ್ಲ? ಹೇಳಿ, ಕೇಳ್ತೀನಿ" ಎಂದು ಕುರ್ಚಿ ಎಳೆದುಕೊಂಡು ಕೂತೇ ಬಿಡುತ್ತಿದ್ದರು.

ನಾನು ಬಸುರಿಯಾಗಿದ್ದಾಗ ಗೋದಾಮಿಗೆ ಹೊಸ ವೈರ್‌ಲೆಸ್ ಬಂತು. ಪೆಟ್ಟಿಗೆ ಸ್ಕ್ಯಾನ್ ಮಾಡುವ ಯಂತ್ರಗಳೆಲ್ಲ ಅದರಿಂದಲೇ ನಡೆಯಬೇಕು. ಅಳವಡಿಸಲು ಬಂದವರು ಛಾವಣಿವರೆಗೆ ಕೇಬಲ್ ಸಾಲಲಿಲ್ಲವೆಂದು ಅದರ ಬಿಳಿ ಆಂಟೆನಾವನ್ನು ನನ್ನ ಪ್ಯಾಕಿಂಗ್ ಟೇಬಲ್ಲಿನ ಪಕ್ಕದ ಕಂಬಕ್ಕೆ, ಸರಿಯಾಗಿ ನನ್ನ ತಲೆಯ ಮಟ್ಟಕ್ಕೆ ಬಿಗಿದು ಹೋದರು. ತಾಯಿಗೆ ಹುಷಾರಿಲ್ಲದೆ ಮೇಡಂ ಆಗ ರಜೆಯಲ್ಲಿದ್ದರು. ಕ್ಯಾಂಟೀನಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ರೇಡಿಯೇಶನ್ ಕಣೇ, ಹೊಟ್ಟೇಲಿರೋ ಮಗೂಗೆ ಒಳ್ಳೇದಲ್ಲ." ಮನೆಯಲ್ಲಿ ಅತ್ತೆ ಕೆಲಸ ಬಿಡು ಎಂದು ಹಟ ಹಿಡಿದರು. ನಾನು ಹೊಟ್ಟೆಯನ್ನು ಕಂಬದಿಂದ ಆಚೆಗೆ ತಿರುಗಿಸಿ, ಸೊಟ್ಟಗೆ ಕೂತು ಕೆಲಸ ಮಾಡಿದೆ. ಮಗು ಸ್ವಲ್ಪ ಹೊತ್ತು ಒದೆಯದಿದ್ದರೂ ಹೊಟ್ಟೆ ತಟ್ಟಿ ನೋಡುತ್ತಿದ್ದೆ.

ಮೇಡಂ ವಾಪಸ್ ಬಂದ ದಿನವೇ ಕೇಳಿದೆ. "ಮೇಡಂ, ಮಗೂಗೆ ಏನಾದ್ರೂ ಆಗತ್ತಾ?"

ಏನೂ ಆಗಲ್ಲ ಅಂದುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಕಂಬವನ್ನೂ ನನ್ನನ್ನೂ ನೋಡಿ, "ನಂಗೊತ್ತಿಲ್ಲ ಸುಮಾ. ತಿಳ್ಕೊಂಡು ಹೇಳ್ತೀನಿ. ಅಲ್ಲಿವರೆಗೂ ನೀನು ಆಚೆ ಕಡೆ ಕೂತ್ಕೋ" ಅಂದರು.

ಮೇಡಂ ಹುಡುಕಿ ಓದಿದಾಗ, ಆಂಟೆನಾ ಮಾಡಿದ ಕಂಪನಿಯವರ ಸೂಚನೆಯಲ್ಲೇ, ಅದು ಚಾಲೂ ಇರುವಾಗ ಜನ ಅದರಿಂದ ಒಂದು ತೋಳಿನಷ್ಟು ದೂರವಿರಬೇಕು ಅಂತಿತ್ತು. ಅದನ್ನು ಮೇಲಕ್ಕೆ ಹಾಕಿಸಿ ಅಂದರೆ ಮ್ಯಾನೇಜರ್ ಮಾತ್ರ, "ಮೊಬೈಲ್ ಇದ್ದ ಹಾಗೆ ಮೇಡಂ ಅದು. ಹಬ್ಬದ ಆರ್ಡರ್ ಮುಗೀಲಿ, ನೋಡೋಣ" ಅಂದರು. ಮೇಡಂ ನೆಟ್ಟಗೆ ನಡೆದು ಅದರ ಸ್ವಿಚ್ ಆರಿಸಿದರು.

ಸ್ಕ್ಯಾನರುಗಳೆಲ್ಲ ಒಟ್ಟಿಗೆ ಸತ್ತವು. ಬಾಗಿಲಲ್ಲಿ ಲಾರಿಗಳು ಸಾಲುಗಟ್ಟಿದವು, ಡ್ರೈವರುಗಳು ಹಾರ್ನ್ ಹೊಡೆದರು. ಮ್ಯಾನೇಜರ್ ಕೂಗಾಡಿದರು. "ಕೆಲಸ ಬೇಕೋ ಬೇಡ್ವೋ ನಿಮಗೆ?"

"ಬೇಕು ಸಾರ್. ಆರಿಸಿದ್ದು ನಾನೇ, ಬೇರೆ ಯಾರನ್ನೂ ಬೈಬೇಡಿ. ರೇಡಿಯೇಶನ್ ಅಳೆಸಿ, ಆಂಟೆನಾ ಮೇಲಕ್ಕೆ ಹಾಕಿಸಿ. ನಾನೇ ಹಾಕ್ತೀನಿ ಸ್ವಿಚ್ಚು."

ಮಧ್ಯಾಹ್ನ ಅಳವಡಿಸಿದವರು ಮೀಟರ್ ಸಮೇತ ಬಂದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ, ಆಂಟೆನಾ ಚಾಲೂ ಮಾಡಿ, ನನ್ನ ಸ್ಟೂಲಿನ ಹತ್ತಿರ ಅಳೆದರು. ಮೇಡಂ ಬಗ್ಗಿ ಅಂಕಿ ಓದಿದರು. ಮಿತಿಯ ಒಳಗೇ ಇತ್ತು. ಮ್ಯಾನೇಜರ್ ಜೋರಾಗಿ ನಕ್ಕರು. "ಇಷ್ಟಕ್ಕಾ ಮೇಡಂ ಇಷ್ಟೆಲ್ಲ ರಾದ್ಧಾಂತ?"

"ಒಳಗೇ ಇದೆ, ಸಂತೋಷ. ಆದ್ರೆ ಅಳೆದ ಮೇಲೆ ತಾನೇ ನಮಗೆ ಗೊತ್ತಾಗಿದ್ದು?" ಅಂದರು ಮೇಡಂ. ಸೂಚನೆಯಂತೆ ಆಂಟೆನಾ ಛಾವಣಿಯ ಹತ್ತಿರಕ್ಕೆ ಏರಿತು. ಮುಂದೆ ಮೇಡಂ ಅವರ ಕೆಲಸದ ಕಾಂಟ್ರ್ಯಾಕ್ಟ್ ಮುಗಿದಾಗ ಯಾರೂ ಅದನ್ನು ಮುಂದುವರಿಸಲಿಲ್ಲ.

ಮಗಳು ಹುಟ್ಟಿದಳು, ಆರೋಗ್ಯವಾಗಿದ್ದಳು. ಆದರೆ ಎರಡು ವರ್ಷ ತುಂಬಿದರೂ ಮಾತಾಡಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಮೀಟರಿನ ಮಾತು ನನಗೆ ನೆನಪಿತ್ತು. ಆದರೂ ಕಣ್ಣು ಮುಚ್ಚಿದರೆ ಆ ಕಂಬವೇ. ತಡೆಯಲಾರದೆ ಮೇಡಂಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವರು ಆಟೋ ಹಿಡಿದು ಬನಶಂಕರಿಯ ನಮ್ಮ ಮನೆಗೆ ಬಂದೇಬಿಟ್ಟರು. ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿದರು; ಅವಳು ತಿರುಗಲಿಲ್ಲ. "ನಾನು ಡಾಕ್ಟರಲ್ಲ. ಏಳು, ಕಿವಿ ತೋರಿಸ್ಕೊಂಡು ಬರೋಣ."

ಡಾಕ್ಟರು ಎರಡೂ ಕಿವಿಯೊಳಗೆ ನೀರು ತುಂಬಿದೆ ಅಂದರು. ಮತ್ತೆ ಮತ್ತೆ ಬಂದ ಶೀತದಿಂದ ಆದದ್ದು, ಚಿಕ್ಕ ಆಪರೇಷನ್, ಸರಿಹೋಗುತ್ತದೆ. ಆಂಟೆನಾ ವಿಷಯ ನಾನು ಕೇಳಿಯೇ ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವಮ್ಮಾ ಅಂದರು.

ಹೊರಗೆ ಬಂದಾಗ ಮೇಡಂ ಬೆಂಚಿನ ಮೇಲೆ ಕುಸಿದು ಕೂತರು. ಮ್ಯಾನೇಜರ್ ಎದುರು ಒಂದಿಷ್ಟೂ ಅಲುಗದಿದ್ದವರು ಈಗ ನೆಲ ನೋಡುತ್ತಾ ಮಾತಾಡಿದರು.

"ಅವತ್ತು ಮೀಟರ್ ಓದಿದ್ದು ನಾನಲ್ವಾ ಸುಮಾ. ನೀನು ಫೋನ್ ಮಾಡಿದಾಗಿಂದ ಒಂದೇ ಯೋಚನೆ. ತಪ್ಪು ಓದಿಬಿಟ್ನಾ ಅಂತ."

ನನ್ನೊಬ್ಬಳದೇ ಭಯ ಎಂದುಕೊಂಡಿದ್ದೆ. ಮಗಳನ್ನು ಅವರ ಮಡಿಲಲ್ಲಿ ಕೂರಿಸಿದೆ. ಅವಳು ಅವರ ಕನ್ನಡಕ ಕಿತ್ತಳು. ಮೇಡಂ ಅಳುತ್ತಲೇ ನಕ್ಕರು.

ಅದೇ ಕೊನೆಯ ಭೇಟಿ. ಆಪರೇಷನ್ ಆಗಿ ಮಗಳ ಬಾಯಿಂದ ಮೊದಲ ಮಾತು ಬರುವಷ್ಟರಲ್ಲಿ ಹೃದಯಾಘಾತವಾಗಿ ಮೇಡಂ ಹೋಗಿಬಿಟ್ಟಿದ್ದರು. ಈಗ ಅವಳು ಬೆಳಗಾದರೆ ಮನೆ ಹಾರಿಹೋಗುವಂತೆ ಕಿರುಚುತ್ತಾಳೆ. ನಾನು ಸುಮ್ಮನಿರು ಅನ್ನುವುದಿಲ್ಲ.