ಬಾಗಿಲಲ್ಲಿ ನಿಂತ ಕಂಬಳಿ

ಚಿಕ್ಕವಳ ತೊಟ್ಟಿಲ ವೀಡಿಯೊ ಹಾಕಿದಾಗಲೆಲ್ಲ ನೀವಿಬ್ಬರೂ ಒಂದು ಕಡೆ ತಡೆದು ನಿಲ್ಲಿಸಿ, ಆಯಿ ಯಾಕೆ ಹಾಗೆ ನೋಡುತ್ತಿದ್ದಾಳೆ ಎಂದು ನಗುತ್ತೀರಿ. ಮೊಮ್ಮಕ್ಕಳ ಮುಂದೆ ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ಕುಲಗೋಡದ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಬರೆದಿದ್ದೇನೆ, ಓದಿಕೊಳ್ಳಿ.

ನಿಮ್ಮ ಅವ್ವ, ನನ್ನ ಸೊಸೆ, ಗೋಕಾಕದ ಈ ಮನೆಯಲ್ಲೇ ಕುಳಿತು ಮದುವೆಯ ವೀಡಿಯೊ ಎಡಿಟ್ ಮಾಡುತ್ತಾಳೆ. ಕ್ಯಾಮೆರಾದವನು ಇರುವುದು ಹುಕ್ಕೇರಿಯಲ್ಲಿ. ತೆಗೆದದ್ದನ್ನೆಲ್ಲ ಅವನು ಅಲ್ಲಿಂದ ಕ್ಲೌಡಿಗೆ ಏರಿಸುತ್ತಾನೆ. ಆ ಅಸಲು ವೀಡಿಯೊಗಳು ಬಹಳ ಭಾರ, ನಮ್ಮ ಮನೆಯ ನೆಟ್ಟಿಗೆ ಜಗ್ಗುವುದಿಲ್ಲ. ಅದಕ್ಕೆ ಒಂದೊಂದಕ್ಕೂ ಹಗುರಾದ, ಮಬ್ಬು ಮಬ್ಬಾದ ನಕಲು ಮಾಡಿಕೊಳ್ಳುತ್ತಾರೆ. ಪ್ರಾಕ್ಸಿ ಅನ್ನುವುದು ಇದಕ್ಕೇ. ನಿಮ್ಮ ಅವ್ವ ಕತ್ತರಿಸುವುದು, ಜೋಡಿಸುವುದು ಎಲ್ಲ ಪ್ರಾಕ್ಸಿಯ ಮೇಲೆ. ಕೊನೆಗೆ ಅದೇ ಅಳತೆಗೆ ಅಸಲಿನ ತುಣುಕುಗಳು ಬಂದು ಕೂತು, ವೀಡಿಯೊ ಸ್ವಚ್ಛವಾಗುತ್ತದೆ. ಪಕ್ಕದಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತ ಇಷ್ಟು ತಿಳಿದುಕೊಂಡೆ.

ಚಿಕ್ಕವಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟದ್ದು ದಡ್ಡಿ ಊರಿನಲ್ಲಿ, ನಿಮ್ಮ ಅವ್ವನ ತವರಿನಲ್ಲಿ. ಮೂರನೇ ತಿಂಗಳು, ಕೂಸು ಆಗಲೇ ಕತ್ತು ಎತ್ತಿ ನೋಡುತ್ತಿತ್ತು. ನನ್ನ ಬೀಗತಿ, ಅಂದರೆ ನಿಮ್ಮ ಅವ್ವನ ತಾಯಿ, ನೆಲಕ್ಕೆ ಕಾಲು ಊರದೆ ಓಡಾಡುತ್ತಿದ್ದರು. ನಿಮ್ಮ ಮುತ್ಯಾ, ನನ್ನ ಗಂಡ, ತೀರಿಕೊಂಡ ಮೇಲೆ ಇಂಥ ಕಡೆ ನಾನು ಮುಂದೆ ಹೋಗಿ ನಿಲ್ಲುವುದಿಲ್ಲ. ಯಾರೂ ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಆಮೇಲೆ ಅದೇ ಕ್ಯಾಮೆರಾದವನು ತೆಗೆದ ತೊಟ್ಟಿಲಿನ ಪ್ರಾಕ್ಸಿಯಲ್ಲಿ ಎಲ್ಲಿ ನೋಡಿದರೂ ಬೀಗತಿಯೇ. ತೊಟ್ಟಿಲು ತೂಗುತ್ತಿದ್ದಾರೆ. ಶಾಸ್ತ್ರಕ್ಕೆಂದು, ಹೆಸರಿಡುವ ಸೋದರತ್ತೆಯ ಬೆನ್ನಿಗೆ ಎಲ್ಲರಿಗಿಂತ ಜೋರಾಗಿ ಗುದ್ದುತ್ತಿದ್ದಾರೆ. ಕೊರಳಿನ ಚಿನ್ನದ ಬೋರಮಾಳ ಕಾಣಲೆಂದು ಸೆರಗು ಸರಿಸಿಕೊಳ್ಳುತ್ತಿದ್ದಾರೆ. ಕೂಸಂತೂ ಅವರ ಹೆಗಲಿನಿಂದ ಇಳಿಯುವುದೇ ಇಲ್ಲ. ಗುದ್ದಿಸಿಕೊಂಡವಳು ನನ್ನ ಮಗಳು, ಕೂಸು ನನ್ನ ಮಗನದು. ನೋಡುತ್ತ ನೋಡುತ್ತ ನನ್ನ ಎದೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ನಾನೆಲ್ಲಿ ಎಂದು ಪರದೆಯಲ್ಲೇ ಹುಡುಕುತ್ತ ಕೂತೆ.

ಒಂದು ಕಡೆ ನಿಮ್ಮ ಅವ್ವ ಪರದೆಯ ಮೇಲೆ ಬೆರಳಿಟ್ಟಳು.

"ಅತ್ತಿ, ಈ ಬಾಗಲದಾಗ ಕರ್ರಗ ಕಾಣತೈತಲ್ರಿ, ಏನದು? ನಮ್ಮವ್ವ ಕಂಬಳಿ ಒಣಗಾಕ ಹಾಕ್ಯಾಳೇನ?"

"ಇದ್ದೀತವ್ವಾ," ಎಂದೆ.

ಅದು ನಾನು. ಕರಿ ಇಳಕಲ್ ಸೀರೆ ಉಟ್ಟಿದ್ದೆ. ಆ ಇಡೀ ವೀಡಿಯೊದಲ್ಲಿ ನಾನಿದ್ದದ್ದು ಅಷ್ಟೇ.

ಅಷ್ಟರಲ್ಲಿ ಮೂಡಲಗಿಯ ಒಂದು ಮದುವೆಯ ಕೆಲಸ ಬಂತು. ಮನೆಯ ವೀಡಿಯೊ ಅರ್ಧಕ್ಕೇ ನಿಂತಿತು. ಒಂದು ದಿನ ಕ್ಯಾಮೆರಾದವನ ಫೋನು ಬಂತು. ನಿಮ್ಮ ಅವ್ವ ಸ್ಪೀಕರ್ ಹಾಕಿ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾ, ಕ್ಲೌಡ್ ತುಂಬೇತ್ರಿ. ಮೂಡಲಗಿ ಮದವಿ ಏರಸಾಕ ಜಾಗಾನ ಇಲ್ಲ. ನಿಮ್ಮ ತೊಟ್ಟಲದ ಅಸಲು ಅಳಿಸಿಬಿಡ್ಲೇನ್ರಿ? ಮನಿಯವ್ರು ನೋಡೂದಲ್ಲ, ಪ್ರಾಕ್ಸಿ ಸಾಕಲ್ರಿ."

"ನಿನ್ನ ಕಾರ್ಡಿನಾಗ ಐತಿಲ್ಲೋ?"

"ಅದರ ಮ್ಯಾಲ ಮತ್ತೆರಡು ಮದವಿ ತಗದೇನ್ರಿ ಅಕ್ಕಾ."

"ಹಂಗಾರ ಅಳಿಸ..."

"ಬ್ಯಾಡ!" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಪರಗಂಡಸು ಕೇಳುವಾಗ ನಾನು ಅಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ. ಅಸಲು ಹೋದರೆ ನಾನು ಕಾಯಂ ಕಂಬಳಿಯಾಗಿ ಉಳಿಯುತ್ತಿದ್ದೆ.

ನಿಮ್ಮ ಅವ್ವ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದಳು. "ಯಾಕ್ರಿ ಅತ್ತಿ?"

"ಅದು ಕಂಬಳಿ ಅಲ್ಲವ್ವಾ. ಬಾಗಲದಾಗ ನಾನ ನಿಂತಿದ್ದೆ."

ಅವಳು ಮೊದಲು ಫೋನಿನಲ್ಲಿದ್ದ ಅವನಿಗೆ, ಗಿರಾಕಿಗೆ ಕೊಟ್ಟು ಮುಗಿದ ಬೇರೊಂದು ಹಳೆಯ ಮದುವೆಯನ್ನು ಅಳಿಸಲು ಹೇಳಿದಳು. ಆಮೇಲೆ ಕೈ ತೊಳೆದು ಬಂದು ಆ ಒಂದು ತುಣುಕಿನ ಅಸಲನ್ನು ಇಳಿಸಲು ಹಚ್ಚಿದಳು. ರೊಟ್ಟಿಯೆಲ್ಲ ನಾನು ಬೇಯಿಸಿ ಮುಗಿಸಿದರೂ ಅದು ಇಳಿಯುತ್ತಲೇ ಇತ್ತು.

ತೆರೆದಾಗ ಸೀರೆಯ ಕೆಂಪು ದಡಿ ಕಂಡಿತು, ಬಾಗಿಲ ಚೌಕಟ್ಟು ಹಿಡಿದ ಕೈ ಕಂಡಿತು. ಮುಖವೂ ಕಂಡಿತು. ಕಾಣದಿದ್ದರೇ ಚೆನ್ನಾಗಿತ್ತೇನೋ.

"ಅಯ್ಯ ಅತ್ತಿ, ಏನ್ ಕಣ್ಣು ಬಿಟ್ಟೀರ್ರಿ! ನಮ್ಮವ್ವನ್ನ ಉಪ್ಪ ಹಚ್ಚದಂಗ ನುಂಗಾಕ ನಿಂತೀರಿ!" ಅವಳು ಬಿದ್ದು ಬಿದ್ದು ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ನನ್ನ ತೋಳು ಹಿಡಿದು, "ಕೂಸಿನ ನೋಡ್ರಿ ಅತ್ತಿ," ಎಂದಳು.

ಬೀಗತಿಯ ಹೆಗಲ ಮೇಲಿಂದ ಕೂಸು ಕತ್ತು ಹೊರಳಿಸಿ ಬಾಗಿಲ ಕಡೆ ನೋಡುತ್ತಿತ್ತು. ತೊಟ್ಟಿಲನ್ನಲ್ಲ, ಬೋರಮಾಳವನ್ನಲ್ಲ, ನನ್ನನ್ನು. ನಿಮ್ಮ ಅವ್ವ ಆ ತುಣುಕನ್ನು ಉದ್ದ ಮಾಡಿದಳು.

ಪೂರ್ತಿ ವೀಡಿಯೊ ದಡ್ಡಿಗೆ ಹೋದ ದಿನವೇ ಬೀಗತಿಯ ಫೋನು ಬಂತು.

"ಬೀಗರ, ಎತ್ತಿ ಎತ್ತಿ ನನ್ನ ರಟ್ಟಿ ಬಿದ್ದ ಹೋಗ್ಯಾವು, ಅದು ನಿಮ್ಮ ಕಡೆ ನೋಡತೈತಲ್ರಿ! ಅದರಾಗ ನನ್ನ ಬೆನ್ನ ಅಷ್ಟ ಬಂದೈತಿ. ಆ ತುಣಕ ತಗಿ ಅಂತ ಮಗಳಿಗೆ ಹೇಳ್ರಿ."

"ಹೇಳತೇನ್ರಿ," ಎಂದೆ.

ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ. ಉಳಿದ ವೀಡಿಯೊ ಎಲ್ಲ ಅವರದೇ ಇದೆ, ಅದನ್ನು ನೋಡಿದರೆ ನನಗೆ ಈಗಲೂ ಉರಿಯುತ್ತದೆ. ಆ ಒಂದು ತುಣುಕನ್ನು ಮಾತ್ರ ಬಿಟ್ಟುಕೊಡಲಾರೆ.